ವಾಯಿದೆ ಮುಗಿದ ಮೇಲಿನ ಫೋನು

ಹೊಸದಾಗಿ ಸನ್ನದು ಪಡೆದು ತಾಲ್ಲೂಕು ಕೋರ್ಟಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಕಾನೂನಿನ ಪ್ರಶ್ನೆ ಕೇಳುವುದು ಕಡಿಮೆ. ‘ಸಾರ್, ಕಕ್ಷಿದಾರರು ನಮ್ಮ ಹತ್ರ ಬರೋದು ಹೇಗೆ?’ ಎಂದೇ ಹೆಚ್ಚಾಗಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅಂಗಡಿಯವರು ಕರಪತ್ರ ಹಂಚಬಹುದು, ಆಟೋದಲ್ಲಿ ಮೈಕು ಕಟ್ಟಿಸಬಹುದು. ನಮಗೆ ಆ ದಾರಿಯಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಜಾಹೀರಾತನ್ನೂ ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದನ್ನೂ ನಿಷೇಧಿಸಿದೆ. 2008ರ ತಿದ್ದುಪಡಿಯ ನಂತರ ವೆಬ್‌ಸೈಟ್ ಇಟ್ಟುಕೊಳ್ಳಬಹುದು. ಅಲ್ಲೂ ಹೆಸರು, ವಿಳಾಸ, ಫೋನ್ ನಂಬರು, ಸನ್ನದಿನ ವಿವರ, ಓದು, ನಡೆಸುವ ಕೇಸುಗಳ ಬಗೆ, ಇಷ್ಟಕ್ಕೇ ಅವಕಾಶ. ನಿಯಮ ಮೀರಿ ಠಾಣೆಯ ಮುಂದೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಜನ ಬಿಟ್ಟು ಕೇಸು ಹಿಡಿಯುವವರಿದ್ದಾರೆ. ಹಾಗೆ ಬಂದವರು ಕೊನೆಯವರೆಗೂ ದಲ್ಲಾಳಿಯ ಮಾತನ್ನೇ ಕೇಳುತ್ತಾರೆ, ವಕೀಲರ ಮಾತನ್ನಲ್ಲ.

ನನ್ನ ಕಚೇರಿ ಇರುವುದು ತಿಪಟೂರಿನಲ್ಲಿ. ಕೊಬ್ಬರಿ ವ್ಯಾಪಾರದ ಊರು. ಹಾಗಾಗಿ ನನ್ನ ಬೀರುವಿನಲ್ಲಿ ಎರಡು ಬಗೆಯ ಫೈಲುಗಳೇ ಹೆಚ್ಚು: ಚೆಕ್ ಬೌನ್ಸ್ ಮತ್ತು ತೆಂಗಿನ ತೋಟದ ವಿಭಾಗದ ದಾವೆ. ಅವುಗಳಲ್ಲಿ ಬಹುಪಾಲು ನನ್ನ ಹಳೆಯ ಕಕ್ಷಿದಾರರ ಮಾತು ಕೇಳಿ ಬಂದವರವು. ಅವರೆಲ್ಲ ಕೇಸು ಗೆದ್ದವರೇ ಎಂದುಕೊಳ್ಳಬೇಡಿ. ಸೋತವರೂ ತಮ್ಮ ಭಾವಮೈದುನನನ್ನೋ ಪಕ್ಕದ ತೋಟದವರನ್ನೋ ಕರೆತಂದಿದ್ದಾರೆ. ಯಾಕೆ ಎಂದು ಯೋಚಿಸಿದಾಗಲೆಲ್ಲ ನನಗೆ ಹೊಳೆಯುವ ಕಾರಣ ಒಂದೇ. ವಾಯಿದೆ ಮುಗಿದ ಸಂಜೆ ಅವರಿಗೆ ನನ್ನ ಕಚೇರಿಯಿಂದ ಫೋನು ಹೋಗಿರುತ್ತದೆ.

ಹಳ್ಳಿಯಿಂದ ಬರುವವರಿಗೆ ಕೋರ್ಟಿನೊಳಗೆ ನಡೆಯುವುದು ಅರ್ಥವಾಗುವುದಿಲ್ಲ. ಬೆಳಗಿನ ಬಸ್ಸಿಗೆ ಬಂದು, ಹೆಸರು ಕೂಗುವವರೆಗೆ ಜಗಲಿಯಲ್ಲಿ ಕೂತು, ಒಳಗೆ ಎರಡು ನಿಮಿಷ ಕೈಮುಗಿದು ನಿಂತು ಹೊರಗೆ ಬರುತ್ತಾರೆ. ‘ಏನಾಯ್ತು ಸ್ವಾಮಿ?’ ಎಂದರೆ ‘ಡೇಟ್ ಬಿತ್ತು’ ಎಂದು ಹೇಳಿ ನಾವು ಇನ್ನೊಂದು ಹಾಲ್‌ಗೆ ಓಡುತ್ತೇವೆ. ಊರಿಗೆ ಹೋದ ಮೇಲೆ ಮನೆಯವರೆಲ್ಲ ಅದನ್ನೇ ಕೇಳುತ್ತಾರೆ. ಏನು ಹೇಳಬೇಕೆಂದು ಅವರಿಗೆ ತಿಳಿದಿರುವುದಿಲ್ಲ. ಅನುಮಾನ ಹುಟ್ಟುವುದು ಅಲ್ಲಿ. ‘ಎದುರು ಪಾರ್ಟಿ ಜತೆ ಲಾಯರ್ ಒಂದಾಗವ್ರೆ’ ಎಂಬ ಮಾತು ಹೊರಡುವುದೂ ಅಲ್ಲಿಂದಲೇ.

ಈಗ ಇ-ಕೋರ್ಟ್ಸ್ ಆ್ಯಪ್ ಬಂದಿದೆ. ಬೆಂಗಳೂರಿನಲ್ಲಿರುವ ಮಗ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಒತ್ತಿ, ಮುಂದಿನ ತಾರೀಖನ್ನು ನಮಗಿಂತ ಮೊದಲೇ ನೋಡಿರುತ್ತಾನೆ. ಇದರಿಂದ ನಮ್ಮ ಕೆಲಸ ಹಗುರವಾಯಿತು ಎಂದು ಕೆಲವು ಮಿತ್ರರು ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆ್ಯಪ್‌ನಲ್ಲಿ ‘ಹಿಯರಿಂಗ್ ಆನ್ ಐ.ಎ.’ ಎಂದಷ್ಟೇ ಇರುತ್ತದೆ. ತಮ್ಮ ತೋಟದ ಕಾಯಿ ಕೆಡವುವುದಕ್ಕೆ ತಡೆಯಾಜ್ಞೆ ಕೇಳಿ ಎದುರಿನವರು ಹಾಕಿದ ಮಧ್ಯಂತರ ಅರ್ಜಿ ಅದು, ಅದರ ಮೇಲೆ ವಾದ ಇನ್ನೂ ಆಗಬೇಕು, ಆದೇಶ ಆಗುವವರೆಗೆ ಕೊಯ್ಲಿಗೆ ಅಡ್ಡಿಯಿಲ್ಲ ಎಂದು ಬಿಡಿಸಿ ಹೇಳಬೇಕಾದವರು ನಾವು. ನನ್ನ ಗುಮಾಸ್ತರ ಡೈರಿಯಲ್ಲಿ ಪ್ರತಿ ಕೇಸಿನ ಎದುರು ಮುಂದಿನ ತಾರೀಖಿನ ಪಕ್ಕ ಇನ್ನೊಂದು ಕಾಲಂ ಇದೆ: ‘ಪಾರ್ಟಿಗೆ ಹೇಳಿದೆ’. ಅದಕ್ಕೆ ಟಿಕ್ ಬೀಳದೆ ಕಚೇರಿಯ ಬಾಗಿಲು ಹಾಕುವುದಿಲ್ಲ.

ಸೋತ ದಿನದ ಫೋನನ್ನು ಮಾತ್ರ ಗುಮಾಸ್ತರಿಗೆ ಬಿಡುವುದಿಲ್ಲ, ನಾನೇ ಮಾಡುತ್ತೇನೆ. ತೀರ್ಪಿನ ನಕಲಿಗೆ ಅಂದೇ ಅರ್ಜಿ ಹಾಕಿರುತ್ತೇನೆ. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗಾದರೆ 90 ದಿನ, ನಕಲು ಪಡೆಯಲು ಹಿಡಿದ ಸಮಯ ಆ ಲೆಕ್ಕಕ್ಕೆ ಸೇರದು ಎಂದು ತಿಳಿಸುತ್ತೇನೆ. ಮೇಲ್ಮನವಿಯಲ್ಲಿ ಹುರುಳಿಲ್ಲ ಎನಿಸಿದರೆ ಅದನ್ನೂ ಹೇಳುತ್ತೇನೆ.

ಮೊದಲ ಭೇಟಿಯಲ್ಲೇ ನಿಜ ಹೇಳುವುದು ಇನ್ನೂ ಕಷ್ಟ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ, ಆ ಹಕ್ಕು ಕೊಟ್ಟ ಹೊಸ ಕಾನೂನು ಬಂದ 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಹೇಳಿತು. ಆಮೇಲೆ ಕಚೇರಿಗೆ ಬಂದ ಹೆಣ್ಣುಮಕ್ಕಳ ಕಣ್ಣಲ್ಲಿ ದೊಡ್ಡ ಆಸೆ ಇತ್ತು. ಅವರಲ್ಲೊಬ್ಬರು ಪಹಣಿಗಳ ಕಟ್ಟನ್ನು ಮೇಜಿನ ಮೇಲಿಟ್ಟು, ‘ನನ್ ಪಾಲು ಕೊಡ್ಸಪ್ಪಾ’ ಎಂದರು. ಕಾಗದಗಳ ನಡುವೆ 1998ರ ನೋಂದಾಯಿತ ವಿಭಾಗ ಪತ್ರವಿತ್ತು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಅಂಥ ವಿಭಾಗವನ್ನು ಹೊಸ ಕಾನೂನು ಮುಟ್ಟುವುದಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ತಿದ್ದುಪಡಿ ಬಂದಿತ್ತಾದರೂ, ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಇವರ ಮದುವೆ ಅದಕ್ಕೂ ಹಿಂದಿನದು. ಅಣ್ಣಂದಿರ ಭಾಗದ ತೋಟ ಸಿಗುವುದಿಲ್ಲ ಎಂದು ಹೇಳಿದೆ. ತಂದೆ ತಮ್ಮ ಹೆಸರಿಗೆ ಉಳಿಸಿಕೊಂಡಿದ್ದ ಭಾಗ ಇತ್ತು, ಅವರು ಉಯಿಲು ಬರೆದಿರಲಿಲ್ಲ; ಅದರಲ್ಲಿ ಅಣ್ಣಂದಿರಷ್ಟೇ ಪಾಲು ನಿಮಗೂ ಇದೆ ಎಂದೂ ಹೇಳಿದೆ. ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಕೋರ್ಟಿನ ಆವರಣದಲ್ಲೇ ಕಚೇರಿಯಿದೆ ಎಂದು ತಿಳಿಸಿ ಕಳಿಸಿದೆ.

ಅವರು ಸಮಿತಿಗೆ ಹೋಗದೆ ವಾಪಸು ನನ್ನಲ್ಲಿಗೇ ಬಂದರು. ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು, ಕಟ್ಟಿದ ಕೋರ್ಟ್ ಶುಲ್ಕವೂ ಮರಳಿತು. ಇಡೀ ತೋಟಕ್ಕೆ ದಾವೆ ಹೂಡಿದ್ದರೆ ಅದು ವರ್ಷಗಟ್ಟಲೆ ನಡೆಯುತ್ತಿತ್ತು, ನನಗೂ ಫೀಸು ಜಾಸ್ತಿ ಬರುತ್ತಿತ್ತು. ಆದರೆ ಆಕೆಯ ಊರಿನಿಂದ ಆಮೇಲೆ ಬಂದ ಅಷ್ಟೊಂದು ಜನ ಬರುತ್ತಿರಲಿಲ್ಲ.

ಚೆಕ್ಕಿನ ಕೇಸಿನಲ್ಲಿ ಅವಧಿಯ ಲೆಕ್ಕವೇ ಮುಖ್ಯ. ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ಅದು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ, ಕಟ್ಟದಿದ್ದರೆ ನಂತರದ ಒಂದು ತಿಂಗಳೊಳಗೆ ದೂರು. ವ್ಯಾಪಾರಿಯ ಮುಂದೆಯೇ ಚೀಟಿಯಲ್ಲಿ ಈ ತಾರೀಖುಗಳನ್ನು ಬರೆದು ಕೊಡುತ್ತೇನೆ. ಆ ಚೀಟಿಯನ್ನು ಮಂಡಿಯ ಗಲ್ಲಾಪೆಟ್ಟಿಗೆಗೆ ಅಂಟಿಸಿಕೊಂಡವರಿದ್ದಾರೆ.

ಫೀಸಿನ ಮಾತನ್ನು ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಮುಗಿಸಬೇಕು. ಕೋರ್ಟ್ ಶುಲ್ಕ, ನಕಲಿನ ಖರ್ಚು, ನನ್ನ ಫೀಸು ಬೇರೆ ಬೇರೆಯಾಗಿ ಬರೆದು, ಕೊಟ್ಟಾಗಲೆಲ್ಲ ರಸೀದಿ ಹರಿದು ಕೊಡಬೇಕು. ‘ಗೆದ್ರೆ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಭೂಸ್ವಾಧೀನದ ಪರಿಹಾರ ಬರುವ ಊರುಗಳಲ್ಲಿ ಅದು ಎಗ್ಗಿಲ್ಲದೆ ನಡೆಯುವುದನ್ನು ಕಂಡು ನನಗೆ ಸಿಟ್ಟು ಬರುತ್ತದೆ. ರೈತನ ನೆಲ ಹೋಗಿರುತ್ತದೆ, ಬಂದ ಹಣದಲ್ಲೂ ಪಾಲು ಕೀಳುವುದು ಯಾವ ವೃತ್ತಿ?

ಕಿರಿಯ ಮಿತ್ರರಲ್ಲಿ ಒಂದು ಬಿನ್ನಹ. ಕಕ್ಷಿದಾರರು ಒಂದು ದಿನ ಬಂದು, ‘ಬೇರೆ ಲಾಯರ್ ಇಟ್ಕೋತೀನಿ, ಫೈಲ್ ಕೊಡಿ’ ಎನ್ನಬಹುದು. ಫೀಸು ಬಾಕಿಯಿದೆ ಎಂದು ಕಾಗದ ಹಿಡಿದಿಡುವಂತಿಲ್ಲ, ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟ ಮಾಡಿದೆ. ಬಾಕಿಯನ್ನು ಬೇರೆ ದಾರಿಯಲ್ಲಿ ಕೇಳಿ. ಫೈಲನ್ನು, ಎನ್‌ಒಸಿಯನ್ನು ಅಂದೇ ಕೊಟ್ಟು, ಮುಂದಿನ ವಾಯಿದೆಯ ತಾರೀಖನ್ನೂ ಬರೆದು ಕಳಿಸಿ.