ಉದ್ಯಮ ತಂತ್ರಾಂಶದ ಕಲಿಕೆ: ಪುಸ್ತಕವನ್ನು ಪರೀಕ್ಷಿಸುವ ಬಗೆ

ಬ್ಯಾಂಕು, ರೈಲ್ವೆ, ವಿಮಾ ಕಚೇರಿ ಮೊದಲಾದ ದೊಡ್ಡ ಸಂಸ್ಥೆಗಳ ಲೆಕ್ಕಪತ್ರಗಳನ್ನು ಇಂದು ಗಣಕಯಂತ್ರಗಳೇ ನಿರ್ವಹಿಸುತ್ತವೆ. ಈ ಕಾರ್ಯಕ್ಕಾಗಿ ರಚಿತವಾದ ಪ್ರೋಗ್ರಾಮುಗಳ ಸಮೂಹಕ್ಕೆ ಉದ್ಯಮ ತಂತ್ರಾಂಶವೆಂದು ಹೆಸರು. ಇದನ್ನು ಕಲಿಯಬಯಸುವ ವಿದ್ಯಾರ್ಥಿಗೆ ಪುಸ್ತಕಗಳ, ಪಾಠಗಳ ಅಭಾವವಿಲ್ಲ. ಅವು ಅತಿಯಾಗಿರುವುದೇ ತೊಡಕು. ಅವುಗಳಲ್ಲಿ ಯಾವುದನ್ನು ಆರಿಸಬೇಕು? ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಜಾವಾ ಭಾಷೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡೋಣ.

ವಿದ್ಯಾರ್ಥಿಯೊಬ್ಬನು ಹಳೆಯ ಪುಸ್ತಕಗಳ ಅಂಗಡಿಯಲ್ಲಿ 2003ರ ಒಂದು ಗ್ರಂಥವನ್ನು ಕೊಂಡನೆಂದು ಭಾವಿಸೋಣ. ಅದರಲ್ಲಿರುವ ಪ್ರೋಗ್ರಾಮನ್ನು ಅಕ್ಷರಶಃ ಬರೆದು, ಟಾಮ್‌ಕ್ಯಾಟ್ ಎಂಬ ಸರ್ವರ್ ತಂತ್ರಾಂಶದ 10ನೆಯ ಆವೃತ್ತಿಯೊಡನೆ ಕಂಪೈಲ್ ಮಾಡಿದರೆ, ‘ಇಂತಹ ಪ್ಯಾಕೇಜು ಇಲ್ಲ’ ಎಂಬ ದೋಷಸೂಚನೆ ಬರುತ್ತದೆ. ವಿದ್ಯಾರ್ಥಿಯು ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾನೆ. ಆದರೆ ತಪ್ಪು ಅವನದಲ್ಲ. ಜಾವಾದ ಉದ್ಯಮ ವಿಭಾಗವನ್ನು 2017ರಲ್ಲಿ ಒರಾಕಲ್ ಸಂಸ್ಥೆಯು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ವಹಿಸಿಕೊಡಲು ನಿರ್ಧರಿಸಿತು. ‘ಜಾವಾ’ ಎಂಬ ಹೆಸರಿನ ಹಕ್ಕನ್ನು ಮಾತ್ರ ತಾನೇ ಉಳಿಸಿಕೊಂಡಿತು. ಆದುದರಿಂದ ಆ ವಿಭಾಗಕ್ಕೆ ‘ಜಕಾರ್ತಾ’ ಎಂದು ಹೊಸ ಹೆಸರಿಡಬೇಕಾಯಿತು. 2020ರಲ್ಲಿ ಬಂದ ಅದರ 9ನೆಯ ಆವೃತ್ತಿಯಲ್ಲಿ, ‘ಜಾವಾಎಕ್ಸ್’ ಎಂದು ಆರಂಭವಾಗುತ್ತಿದ್ದ ಉದ್ಯಮ ಪ್ಯಾಕೇಜುಗಳ ಹೆಸರುಗಳೂ ‘ಜಕಾರ್ತಾ’ ಎಂದು ಬದಲಾದುವು. ಹೀಗೆ ಹಿಂದಿನ ಗ್ರಂಥಗಳ ಅಸಂಖ್ಯಾತ ಉದಾಹರಣೆಗಳು ಒಮ್ಮೆಗೇ ಹಳತಾದುವು.

ಹಾಗಾದರೆ ಹಳೆಯ ಪುಸ್ತಕಗಳೆಲ್ಲ ನಿರುಪಯುಕ್ತವೆ? ಹಾಗೆನ್ನಲಾಗದು. ತಂದೆಯ ಖಾತೆಯಿಂದ 500 ರೂಪಾಯಿಗಳನ್ನು ಮಗನ ಖಾತೆಗೆ ವರ್ಗಾಯಿಸಬೇಕಾಗಿದೆಯೆಂದುಕೊಳ್ಳಿ. ಇದರಲ್ಲಿ ಎರಡು ಹೆಜ್ಜೆಗಳಿವೆ: ಒಂದು ಕಡೆ ಕಳೆಯುವುದು, ಇನ್ನೊಂದು ಕಡೆ ಕೂಡಿಸುವುದು. ಕಳೆದಾದ ಮೇಲೆ, ಕೂಡಿಸುವ ಮುನ್ನ, ವಿದ್ಯುತ್ತು ನಿಂತುಹೋದರೆ ಆ ಹಣವೆಲ್ಲಿ? ಎರಡೂ ನಡೆಯಬೇಕು, ಇಲ್ಲವೆ ಎರಡೂ ನಡೆಯಕೂಡದು. ಈ ನಿಯಮಕ್ಕೆ ಒಳಪಟ್ಟ ಕ್ರಿಯಾಸಮೂಹಕ್ಕೆ ‘ಟ್ರಾನ್ಸಾಕ್ಷನ್’ ಎನ್ನುತ್ತಾರೆ. ಈ ತತ್ತ್ವವು ದಶಕಗಳಿಂದ ಬದಲಾಗಿಲ್ಲ. ದತ್ತಾಂಶವನ್ನು ಕೋಷ್ಟಕಗಳ ರೂಪದಲ್ಲಿ ಸಂಬಂಧಿಸಿಡುವ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರತಿಪಾದಿಸಿದನು. ಅದೂ ಇಂದಿಗೂ ಉದ್ಯಮ ತಂತ್ರಾಂಶದ ತಳಹದಿಯಾಗಿದೆ. ಇಂತಹ ವಿಷಯಗಳಿಗೆ ಹಳೆಯ ಉತ್ತಮ ಗ್ರಂಥವು ಹೊಸ ಸಾಧಾರಣ ಗ್ರಂಥಕ್ಕಿಂತ ಮೇಲು.

ಹೊಸದಾದುದೆಲ್ಲ ನಂಬಲರ್ಹವೆಂದೂ ತಿಳಿಯಬಾರದು. ಜಾವಾದಲ್ಲಿ ಜನಪ್ರಿಯವಾದ ಸ್ಪ್ರಿಂಗ್ ಎಂಬ ಚೌಕಟ್ಟಿನಲ್ಲಿ ‘ಟ್ರಾನ್ಸಾಕ್ಷನಲ್’ ಎಂಬ ಒಂದು ಗುರುತನ್ನು ಬರೆದರೆ ಮೇಲಿನ ರಕ್ಷಣೆ ದೊರೆಯುತ್ತದೆ. ಅನೇಕ ಕಿರುಪಾಠಗಳು ಇಷ್ಟನ್ನೇ ಹೇಳಿ ಮುಗಿಸುತ್ತವೆ. ಆದರೆ ಜಾವಾದ ದೋಷಸೂಚನೆಗಳಲ್ಲಿ ಎರಡು ವರ್ಗಗಳಿವೆ: ಪ್ರೋಗ್ರಾಮು ಬರೆಯುವಾಗಲೇ ನಿರ್ವಹಣೆಯನ್ನು ಸೂಚಿಸಲೇಬೇಕಾದುವು ಮೊದಲನೆಯ ವರ್ಗ, ಅಂತಹ ಕಡ್ಡಾಯವಿಲ್ಲದುವು ಎರಡನೆಯದು. ಬೇರೆ ಆದೇಶ ಕೊಡದಿದ್ದರೆ, ಎರಡನೆಯ ವರ್ಗದ ದೋಷವುಂಟಾದಾಗ ಮಾತ್ರ ಸ್ಪ್ರಿಂಗ್ ಮಾಡಿದ ಕೆಲಸವನ್ನು ರದ್ದುಗೊಳಿಸುತ್ತದೆ. ಮೊದಲನೆಯ ವರ್ಗದ್ದಾದರೆ ಅರ್ಧ ಕೆಲಸವನ್ನೇ ಖಾಯಂಗೊಳಿಸುತ್ತದೆ. ತಂದೆಯ ಖಾತೆಯಲ್ಲಿ ಹಣ ಕಡಮೆಯಾಯಿತು, ಮಗನಿಗೆ ಮುಟ್ಟಲಿಲ್ಲ! ಈ ಸಂಗತಿಯನ್ನು ಸ್ಪ್ರಿಂಗ್‌ನ ಅಧಿಕೃತ ಕೈಪಿಡಿಯು ಸ್ಪಷ್ಟವಾಗಿ ತಿಳಿಸುತ್ತದೆ. ಆ ಕೈಪಿಡಿಯು ಉಚಿತವಾಗಿಯೇ ಲಭ್ಯವಿದೆ.

ಇದರಿಂದ ಆಯ್ಕೆಯ ಕ್ರಮವು ತಾನಾಗಿ ಹೊರಡುತ್ತದೆ. ದತ್ತಾಂಶ, ಟ್ರಾನ್ಸಾಕ್ಷನ್ ಮುಂತಾದ ಮೂಲತತ್ತ್ವಗಳಿಗೆ ಒಂದು ಒಳ್ಳೆಯ ಪಠ್ಯಗ್ರಂಥವಿರಲಿ. ಅದರ ವಯಸ್ಸು ಮುಖ್ಯವಲ್ಲ. ಉಪಕರಣಗಳ ಬಳಕೆಯನ್ನು ಕಲಿಸುವ ಪುಸ್ತಕವಾದರೆ, ಮೊದಲು ಅದು ಯಾವ ವರ್ಷದ್ದು, ಯಾವ ಆವೃತ್ತಿಗೆ ಸಂಬಂಧಿಸಿದುದು ಎಂಬುದನ್ನು ನೋಡಿರಿ. ಸ್ಪ್ರಿಂಗ್‌ನ 6ನೆಯ ಆವೃತ್ತಿಯು 2022ರಲ್ಲಿ ‘ಜಕಾರ್ತಾ’ ಹೆಸರುಗಳನ್ನು ಅಳವಡಿಸಿಕೊಂಡಿತಾದುದರಿಂದ, ಅದಕ್ಕೆ ಹಿಂದಿನ ಪಾಠಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಸಂದೇಹ ಬಂದಲ್ಲಿ ಅಧಿಕೃತ ಕೈಪಿಡಿಯೇ ಪ್ರಮಾಣ. ಕೊನೆಯದಾಗಿ, ಪುಸ್ತಕವು ‘ಹೀಗೆ ಬರೆ’ ಎಂದಷ್ಟೇ ಹೇಳುತ್ತದೆಯೋ, ‘ನಡುವೆ ಕೆಟ್ಟರೆ ಏನಾಗುವುದು?’ ಎಂಬುದನ್ನೂ ವಿವರಿಸುತ್ತದೆಯೋ ಪರೀಕ್ಷಿಸಿರಿ. ಎರಡನೆಯದನ್ನು ವಿವರಿಸುವ ಪುಸ್ತಕವನ್ನೇ ಆರಿಸಿರಿ.

ಅಭ್ಯಾಸ: ಎರಡು ಖಾತೆಗಳುಳ್ಳ ಒಂದು ಚಿಕ್ಕ ಪ್ರೋಗ್ರಾಮನ್ನು ರಚಿಸಿ, ಕಳೆಯುವ ಮತ್ತು ಕೂಡಿಸುವ ಹೆಜ್ಜೆಗಳ ನಡುವೆ ಬೇಕೆಂದೇ ಒಂದು ದೋಷವನ್ನುಂಟುಮಾಡಿರಿ. ದೋಷದ ವರ್ಗವನ್ನು ಬದಲಿಸಿ ಪುನಃ ನಡೆಸಿರಿ. ಪ್ರತಿಸಲವೂ ಎರಡು ಖಾತೆಗಳ ಮೊತ್ತವನ್ನು ಕೂಡಿ ನೋಡಿರಿ. ಆ ಮೊತ್ತವು ಎಂದು ತಪ್ಪುವುದು, ಏಕೆ ತಪ್ಪುವುದು ಎಂಬುದನ್ನು ನಿಮ್ಮ ಪುಸ್ತಕದ ನೆರವಿನಿಂದ ವಿವರಿಸಲು ಸಾಧ್ಯವಾದರೆ ನಿಮ್ಮ ಆಯ್ಕೆ ಸರಿಯಾಗಿದೆಯೆಂದು ತಿಳಿಯಬಹುದು.