ಮಳೆ, ಧಾರಣೆಗಳ ಗೆರೆ ಎಳೆದು ನೋಡಿ

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೆಸರಿನ ಚೀಲ ಇಳಿಸಿದ ರೈತರು ಅಂದಿನ ಧಾರಣೆಯನ್ನು ಹಿಂದಿನ ವಾರದ್ದಕ್ಕೆ ಹೋಲಿಸುತ್ತಾರೆ, ಬಹಳವೆಂದರೆ ಹೋದ ವರ್ಷದ್ದಕ್ಕೆ. ಮಳೆಯ ಲೆಕ್ಕವೂ ಹಾಗೆಯೇ. 'ಮಿರಗದ ಮಳಿ ಮೊದಲಿನಂಗಿಲ್ಲ' ಎಂಬ ಮಾತು ಕುಂದಗೋಳ, ನವಲಗುಂದದ ಕಟ್ಟೆಗಳ ಮೇಲೆ ಕೇಳಿಬರುತ್ತದೆ. ಅದು ಎಷ್ಟು ನಿಜ ಎಂದು ಹೇಳಲು ನೆನಪೊಂದೇ ಸಾಲದು. ಬರಗಾಲದ ವರ್ಷ, ಧಾರಣೆ ಕುಸಿದ ವರ್ಷ ಮನಸ್ಸಿನಲ್ಲಿ ಉಳಿಯುತ್ತವೆ. ಸಾಧಾರಣ ವರ್ಷಗಳು ಮರೆತುಹೋಗುತ್ತವೆ.

ಅಂಕಿಗಳು ಮರೆಯುವುದಿಲ್ಲ. ಅಡ್ಡಸಾಲಿನಲ್ಲಿ ದಿನಾಂಕ, ನಿಲುವಿನಲ್ಲಿ ಮಳೆ ಅಥವಾ ಧಾರಣೆ ಇಟ್ಟು ಎಳೆದ ಗೆರೆಯೇ ಕಾಲಸರಣಿ ಗ್ರಾಫ್. ಇದನ್ನು ನಿಮ್ಮ ಹೊಲಕ್ಕೆ, ನಿಮ್ಮ ಬೆಳೆಗೆ ಬೇಕಾದಂತೆ ನೀವೇ ಮಾಡಿಕೊಳ್ಳಬಹುದು. ಖರ್ಚಿಲ್ಲ. ಇಂಟರ್ನೆಟ್ ಇರುವ ಕಂಪ್ಯೂಟರ್, ಒಂದು ಗೂಗಲ್ ಖಾತೆ ಮತ್ತು ಒಂದು ಸಂಜೆಯ ಬಿಡುವು ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಮೊದಲ ಗ್ರಾಫ್: ನಕ್ಷತ್ರವಾರು ಮಳೆ

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ, 'ಪವರ್' ಎಂಬ ಜಾಲತಾಣದಲ್ಲಿ 1981ರಿಂದ ಈಚಿನ ದಿನವಾರು ಮಳೆ, ಉಷ್ಣಾಂಶ, ಗಾಳಿಯ ತೇವಾಂಶದ ಅಂಕಿಗಳನ್ನು ಉಚಿತವಾಗಿ ಕೊಡುತ್ತದೆ.

1. ತಾಣದಲ್ಲಿ ಕೃಷಿ ಹವಾಮಾನದ ವಿಭಾಗ ಆರಿಸಿ. ಭೂಪಟದಲ್ಲಿ ನಿಮ್ಮ ಊರನ್ನು ಒತ್ತಿ, ಇಲ್ಲವೇ ಅಕ್ಷಾಂಶ, ರೇಖಾಂಶ ಬರೆಯಿರಿ. ಧಾರವಾಡಕ್ಕೆ 15.46 ಮತ್ತು 75.01, ಹುಬ್ಬಳ್ಳಿಗೆ 15.36 ಮತ್ತು 75.12 ಎಂದು ಕೊಟ್ಟರೆ ಸಾಕು.

2. ದಿನವಾರು ಲೆಕ್ಕ, ಆರಂಭ ಮತ್ತು ಕೊನೆಯ ದಿನಾಂಕ, ಮಳೆ, ಇಷ್ಟನ್ನು ಆರಿಸಿ ಸಿಎಸ್‌ವಿ ಕಡತ ಇಳಿಸಿಕೊಳ್ಳಿ. ಮಳೆಯ ಅಳತೆ ಮಿಲಿಮೀಟರಿನಲ್ಲಿರುತ್ತದೆ.

3. ಕಡತವನ್ನು ಗೂಗಲ್ ಶೀಟ್ಸ್‌ನಲ್ಲಿ ತೆರೆದು, ಮೇಲಿನ ವಿವರಣೆಯ ಸಾಲುಗಳನ್ನು ಅಳಿಸಿ. ಅಂಕಿ ಸಿಗದ ದಿನಕ್ಕೆ ಅಲ್ಲಿ ಮೈನಸ್ 999 ಎಂದು ನಮೂದಿಸಿರುತ್ತಾರೆ. ಅಂಥ ಕೋಶಗಳನ್ನು ಖಾಲಿ ಮಾಡಿ. ಇಲ್ಲದಿದ್ದರೆ ಒಟ್ಟು ಲೆಕ್ಕವೂ ಕೆಡುತ್ತದೆ, ಗೆರೆಯೂ ಪಾತಾಳಕ್ಕೆ ಇಳಿಯುತ್ತದೆ.

ದಿನದಿನದ ಮಳೆಯನ್ನು ಹಾಗೆಯೇ ಗ್ರಾಫ್ ಮಾಡಿದರೆ ಮುಳ್ಳುಕಂಟಿಯಂತೆ ಕಾಣುತ್ತದೆ, ಏನೂ ತಿಳಿಯದು. ನಮ್ಮ ಹಿರಿಯರ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ನಕ್ಷತ್ರದ ಮಳೆಯ ಅವಧಿ ಸುಮಾರು 13-14 ದಿನ. ಜೂನ್ 8ರಿಂದ 21ರವರೆಗಿನ ಮಳೆ ಕೂಡಿಸಿದರೆ ಮಿರಗ, ಜೂನ್ 22ರಿಂದ ಜುಲೈ 5ರವರೆಗೆ ಕೂಡಿಸಿದರೆ ಆರಿದ್ರ. ಹೀಗೆ ವರ್ಷಕ್ಕೊಂದು ಅಂಕಿಯಂತೆ ಬರೆದು, ಎರಡೂ ಸಾಲುಗಳನ್ನು ಆರಿಸಿ ಚಾರ್ಟ್ ಒತ್ತಿ, ಲೈನ್ ಬಗೆಯನ್ನು ಆಯ್ದುಕೊಳ್ಳಿ. ಮಿರಗಕ್ಕೆ ಹಸಿರು, ಆರಿದ್ರಕ್ಕೆ ನೀಲಿ ಬಣ್ಣ ಕೊಡಿ. ಮಿರಗ ಕೈಕೊಟ್ಟ ವರ್ಷಗಳಲ್ಲಿ ಆರಿದ್ರ ಕೈಹಿಡಿಯಿತೇ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಎರಿ ಹೊಲದಲ್ಲಿ ಹೆಸರು ಬಿತ್ತುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಹಿಂಗಾರಿಯ ಕಡಲೆ, ಜೋಳಕ್ಕೆ ಉತ್ತರಿ, ಹಸ್ತ, ಚಿತ್ತಿ ಮಳೆಗಳ ಗೆರೆಯನ್ನು ಇದೇ ರೀತಿ ಎಳೆಯಿರಿ.

ಎರಡನೆಯ ಗ್ರಾಫ್: ಧಾರಣೆ

ಧಾರಣೆಯ ಅಂಕಿಗಳಿಗೆ ಎರಡು ಸರ್ಕಾರಿ ತಾಣಗಳಿವೆ: ಕೇಂದ್ರದ ಅಗ್‌ಮಾರ್ಕ್‌ನೆಟ್ ಮತ್ತು ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ. ಬೆಳೆ, ಮಾರುಕಟ್ಟೆ, ದಿನಾಂಕ ಆರಿಸಿದರೆ ಆವಕ, ಕನಿಷ್ಠ ದರ, ಗರಿಷ್ಠ ದರ ಮತ್ತು ಮಾದರಿ ದರ ಸಿಗುತ್ತವೆ. ಗ್ರಾಫಿಗೆ ಮಾದರಿ ದರವನ್ನೇ ತೆಗೆದುಕೊಳ್ಳಿ. ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ ಅದು. ಗರಿಷ್ಠ ದರ ಒಂದೆರಡು ಲಾಟಿಗೆ ಮಾತ್ರ ಸಿಕ್ಕಿರಬಹುದು. ಅದನ್ನು ನಂಬಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ.

ಹೆಸರಿನ ಮಾಲು ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾರುಕಟ್ಟೆ ತುಂಬುತ್ತದೆ. ಆದ್ದರಿಂದ ಉದ್ದದ ಒಂದೇ ಗೆರೆಗಿಂತ, ಅಡ್ಡಸಾಲಿನಲ್ಲಿ ಆಗಸ್ಟಿನಿಂದ ಡಿಸೆಂಬರ್ ತನಕದ ವಾರಗಳನ್ನು ಇಟ್ಟು, ಪ್ರತಿ ವರ್ಷಕ್ಕೂ ಬೇರೆ ಬಣ್ಣದ ಗೆರೆ ಎಳೆಯುವುದು ಲೇಸು. ಸುಗ್ಗಿಯಲ್ಲಿ ದರ ಎಷ್ಟು ಇಳಿಯುತ್ತದೆ, ಮತ್ತೆ ಯಾವ ವಾರದಿಂದ ಏರುತ್ತದೆ, ಏರಿಕೆ ಕಾಯುವಿಕೆಗೆ ತಕ್ಕಷ್ಟಿದೆಯೇ ಎಂಬುದು ಆಗ ಸ್ಪಷ್ಟವಾಗುತ್ತದೆ.

ಇದರ ಜೊತೆಗೆ ಬೆಂಬಲ ಬೆಲೆಯ ಗೆರೆಯೂ ಇರಲಿ. ಹೆಸರಿನ ಬೆಂಬಲ ಬೆಲೆ ಕ್ವಿಂಟಾಲಿಗೆ 2022-23ರಲ್ಲಿ 7,755 ರೂಪಾಯಿ, 2023-24ರಲ್ಲಿ 8,558, 2024-25ರಲ್ಲಿ 8,682, 2025-26ರಲ್ಲಿ 8,768. ಮಾರುಕಟ್ಟೆಯ ಗೆರೆ ಇದರ ಕೆಳಗೆ ಯಾವ ವಾರ ಇಳಿಯುತ್ತದೆ ಎಂಬುದು ಕಂಡರೆ, ಖರೀದಿ ಕೇಂದ್ರ ಯಾವಾಗ ತೆರೆಯಬೇಕು ಎಂದು ರೈತ ಸಂಘಟನೆಗಳು ಅಂಕಿ ಮುಂದಿಟ್ಟು ಕೇಳಬಹುದು.

ದಿನವಾರು ದರದ ಗೆರೆ ಬಹಳ ಕುಣಿಯುತ್ತಿದ್ದರೆ, ಚಾರ್ಟಿನ ಬದಲಾವಣೆ ಪಟ್ಟಿಯಲ್ಲಿ ಸೀರೀಸ್ ತೆರೆದು, ಟ್ರೆಂಡ್‌ಲೈನ್ ಹಾಕಿ, ಮೂವಿಂಗ್ ಆವರೇಜ್ ಆರಿಸಿ, ಅವಧಿ 7 ಎಂದು ಕೊಡಿ. ಏಳು ಅಂಕಿಗಳ ಸರಾಸರಿಯಿಂದ ಗೆರೆ ನಯವಾಗಿ, ನಡೆ ಕಾಣುತ್ತದೆ.

ಗೆರೆಯ ಮೇಲೆ ಕಾರಣ ಬರೆಯಿರಿ

ಗೆರೆ ಬಿದ್ದದ್ದು ಕಂಡರೆ ಸಾಲದು, ಏಕೆ ಬಿತ್ತು ಎಂಬುದೂ ಬೇಕು. ಉಳ್ಳಾಗಡ್ಡಿಯ ಗ್ರಾಫ್ ಮಾಡುವವರು ಕೇಂದ್ರ ಸರ್ಕಾರ ರಫ್ತು ನಿಷೇಧಿಸಿದ ಮೂರು ಸಂದರ್ಭಗಳನ್ನು ತಪ್ಪದೆ ಗುರುತು ಮಾಡಬೇಕು: 2019ರ ಸೆಪ್ಟೆಂಬರ್, 2020ರ ಸೆಪ್ಟೆಂಬರ್ ಮತ್ತು 2023ರ ಡಿಸೆಂಬರ್. ಕೊನೆಯ ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ. ಈ ಗುರುತುಗಳಿಲ್ಲದಿದ್ದರೆ, ಆದೇಶದಿಂದ ಬಿದ್ದ ದರವನ್ನು ಆವಕದಿಂದ ಬಿದ್ದದ್ದೆಂದು ತಪ್ಪು ತಿಳಿಯುತ್ತೇವೆ.

ಎಚ್ಚರ ವಹಿಸಬೇಕಾದ ಸಂಗತಿಗಳು

• ಮಾರುಕಟ್ಟೆ ರಜೆಯ ದಿನ ಸೊನ್ನೆ ಬರೆಯಬೇಡಿ, ಕೋಶ ಖಾಲಿ ಬಿಡಿ. ಸೊನ್ನೆ ಎಂದರೆ ದರವೇ ಬಿದ್ದಿತೆಂದು ಗ್ರಾಫ್ ತೋರಿಸುತ್ತದೆ.

• ನಿಲುವಿನ ಅಳತೆ ಎಲ್ಲಿಂದ ಆರಂಭವಾಗಿದೆ ನೋಡಿ. 8,000ದಿಂದ ಆರಂಭಿಸಿದರೆ ನೂರು ರೂಪಾಯಿಯ ಇಳಿತವೂ ಕಮರಿಯಂತೆ ಕಾಣುತ್ತದೆ.

• ಬಗೆಗಳನ್ನು ಬೆರೆಸಬೇಡಿ. ಬ್ಯಾಡಗಿ ಮೆಣಸಿನಕಾಯಿಯ ದರಕ್ಕೂ ಗುಂಟೂರು ಬಗೆಯ ದರಕ್ಕೂ ಒಂದೇ ಗೆರೆ ಸಲ್ಲದು.

• ನಾಸಾದ ಮಳೆ ಅಂಕಿ ಸುಮಾರು ಐವತ್ತು ಕಿಲೋಮೀಟರಿಗೂ ಮೀರಿದ ಅಗಲದ ಚೌಕಕ್ಕೆ ಸೇರಿದ ಅಂದಾಜು. ಒಂದೂರಿಗೆ ಸುರಿದು ಪಕ್ಕದೂರನ್ನು ಬಿಡುವ ಅಡ್ಡಮಳೆ ಅದರಲ್ಲಿ ಕಾಣದು. ಹಲವು ವರ್ಷಗಳ ನಡೆ ತಿಳಿಯಲು ಅದು ಸಾಕು. ನಾಳೆಯೇ ಬಿತ್ತಬೇಕೇ ಎಂಬುದಕ್ಕೆ ಹೊಲದ ಹಸಿಯನ್ನೇ ನೋಡಬೇಕು.

• ಹೋದ ವರ್ಷದ ಗೆರೆ ಈ ವರ್ಷದ ಭರವಸೆಯಲ್ಲ. ಹೆಚ್ಚು ದರ ಕಂಡು ಎಲ್ಲರೂ ಅದೇ ಬೆಳೆಗೆ ತಿರುಗಿದರೆ ಆವಕ ಉಕ್ಕಿ ದರ ಇಳಿಯುತ್ತದೆ. ಆದ್ದರಿಂದ ದರದ ಗ್ರಾಫಿನ ಕೆಳಗೆ ಆವಕದ ಗ್ರಾಫನ್ನೂ ಇಟ್ಟುಕೊಳ್ಳಿ.

ಇಂದೇ ಆರಂಭಿಸಿ

ಒಂದು ಅಳತೆಗೆರೆಯ ಮಳೆಮಾಪಕ ತಂದು ಅಂಗಳದಲ್ಲಿಟ್ಟು, ದಿನಾ ಬೆಳಗ್ಗೆ ಎಂಟೂವರೆಗೆ ಅಳೆದು ಅದೇ ಶೀಟಿನಲ್ಲಿ ಬರೆಯುತ್ತ ಬನ್ನಿ. ಎರಡು ಮೂರು ವರ್ಷಗಳಲ್ಲಿ ನಿಮ್ಮ ಹೊಲದ್ದೇ ಗೆರೆ ಸಿದ್ಧವಾಗುತ್ತದೆ. ಗ್ರಾಫನ್ನು ಮುದ್ರಿಸಿಕೊಂಡು ಧಾರವಾಡದ ಸೈದಾಪುರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು, ಬಿತ್ತನೆ ಮತ್ತು ತಳಿಯ ಬಗ್ಗೆ ಕೇಳಿ. ಅಂಕಿ ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಸಿಗುತ್ತದೆ. ಬರುವ ಮಿರಗಕ್ಕೆ ಮೊದಲು ನಿಮ್ಮ ಊರಿನ ಮಳೆಯ ಒಂದು ಗೆರೆಯನ್ನಾದರೂ ಎಳೆದಿಡಿ.