ವಾಲ್ಯೂಮ್ ತಿರುಗಿಸುವ ಮುನ್ನ

ತಮ್ಮಾ, ನೀನು ಗಿಟಾರ್ ಪ್ರೊಸೆಸರ್ ಕೊಂಡೆ, ಪವರ್ ಆಂಪೂ ಬಂತು. ಇನ್ನು ನೀನು ಹೇಳಬಹುದಾದ ದೂರು ನನಗೆ ಗೊತ್ತು. ಹೆಡ್‌ಫೋನಿನಲ್ಲಿ ಮೈತುಂಬಿ ಕೇಳಿದ ನಾದ ಆಂಪಿಗೆ ಹಾಕಿದೊಡನೆ ಸೊರಗಿಹೋಯಿತು ಎನ್ನುತ್ತೀಯ, ಇಲ್ಲವೇ ಬರೀ ಕರಕರ ಎನ್ನುತ್ತೀಯ. ಆಮೇಲೆ ರಾತ್ರಿಯೆಲ್ಲ ಕೂತು ಪ್ಯಾಚ್, ಅಂದರೆ ಪ್ರೊಸೆಸರಿನಲ್ಲಿ ಉಳಿಸಿಟ್ಟ ನಾದದ ಸೆಟ್ಟಿಂಗ್, ತಿದ್ದುತ್ತೀಯ, ಟ್ರೆಬಲ್ ಏರಿಸುತ್ತೀಯ, ಬೇರೆ ಸ್ಪೀಕರಿಗೆ ದುಡ್ಡು ಹೊಂದಿಸಲು ಓಡಾಡುತ್ತೀಯ. ಅದಕ್ಕೆಲ್ಲ ಮೊದಲು ಒಂದನ್ನು ನೋಡು: ಪ್ರೊಸೆಸರಿನಿಂದ ಹೊರಡುವ ಸಿಗ್ನಲ್ ಎಷ್ಟು, ಆಂಪ್ ಬೇಡುವ ಸಿಗ್ನಲ್ ಎಷ್ಟು. ಬಹಳ ಸಲ ತೊಂದರೆ ಇರುವುದು ಇವೆರಡರ ನಡುವೆಯೇ.

ಸಾಧಾರಣ ಪಿಕಪ್ಪಿನಿಂದ ಬರುವುದು ವೋಲ್ಟಿನ ಹತ್ತನೇ ಒಂದು ಪಾಲಿನಷ್ಟು. ಬಿರುಸಾಗಿ ಬಾರಿಸಿದರೆ ಕ್ಷಣಮಾತ್ರ ಒಂದು ವೋಲ್ಟಿನ ತನಕವೂ ಹೋಗಬಹುದು. ಇದಕ್ಕೆ ಇನ್‌ಸ್ಟ್ರುಮೆಂಟ್ ಲೆವೆಲ್ ಎನ್ನುತ್ತಾರೆ. ಲೈನ್ ಲೆವೆಲ್ಲಿನಲ್ಲಿ ಎರಡು ಬಗೆ. ಮನೆಬಳಕೆಯ ಸಾಧನಗಳದ್ದು ಮೈನಸ್ 10 ಡಿಬಿವಿ, ಅಂದರೆ 0.316 ವೋಲ್ಟ್. ಸ್ಟುಡಿಯೋ ಮತ್ತು ದೊಡ್ಡ ವೇದಿಕೆಯದ್ದು ಪ್ಲಸ್ 4 ಡಿಬಿಯು, ಅಂದರೆ 1.23 ವೋಲ್ಟ್. ಹತ್ತಕ್ಕೆ ನಾಲ್ಕು ಕೂಡಿಸಿ ಅಂತರ 14 ಡೆಸಿಬಲ್ ಎಂದುಕೊಳ್ಳಬೇಡ. ಮೊದಲನೆಯದರ ಅಳತೆ ಶುರುವಾಗುವುದು 1 ವೋಲ್ಟಿನಿಂದ, ಎರಡನೆಯದು 0.775 ವೋಲ್ಟಿನಿಂದ. ಹಾಗಾಗಿ ನಿಜವಾದ ಅಂತರ ಸುಮಾರು 12 ಡೆಸಿಬಲ್. ವೋಲ್ಟೇಜಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಈಗ ಆಂಪಿನ ಕಡೆ ಬಾ. ಅದರ ಕೈಪಿಡಿಯಲ್ಲಿ ಗೇನ್ 26 ಡೆಸಿಬಲ್ ಎಂದಿದ್ದರೆ, ಒಳಗೆ ಬಂದ ವೋಲ್ಟೇಜನ್ನು ಅದು 20 ಪಟ್ಟು ಮಾಡಿ ಹೊರಗೆ ಕೊಡುತ್ತದೆ. 8 ಓಮ್ ಸ್ಪೀಕರಿಗೆ 100 ವ್ಯಾಟ್ ಸಿಗಬೇಕಾದರೆ 28 ವೋಲ್ಟ್ ಬೇಕು. ಅದಕ್ಕೆ ಆಂಪಿನೊಳಗೆ 1.4 ವೋಲ್ಟ್ ಬರಬೇಕು. ನಿನ್ನ ಪ್ರೊಸೆಸರ್ ಮೈನಸ್ 10ರಲ್ಲಿ ನಿಂತಿದ್ದರೆ ಹೊರಗೆ ಸಿಗುವುದು 6.3 ವೋಲ್ಟ್, ಅಂದರೆ ಬರೀ 5 ವ್ಯಾಟ್! ನೂರು ವ್ಯಾಟಿನ ಆಂಪ್ ಹೊತ್ತು ತಂದವನಿಗೆ ಐದು ವ್ಯಾಟ್. ಆಂಪಿನ ನಾಬನ್ನು ಕೊನೆತನಕ ತಿರುಗಿಸಿದರೂ ಅಷ್ಟೇ. ಇನ್ನೂ ಜೋರು ಮಾಡಲು ನಡುವೆ ಏನೇನೋ ಬೂಸ್ಟ್ ಸೇರಿಸಿದರೆ ಸಿಗ್ನಲ್ಲಿನ ಜೊತೆ ಹಿಸ್ ಸದ್ದೂ ಏರುತ್ತದೆ. ಅದೇ ಪ್ರೊಸೆಸರನ್ನು ಪ್ಲಸ್ 4ಕ್ಕೆ ಬದಲಿಸು, 75 ವ್ಯಾಟ್ ಬರುತ್ತದೆ. ಮೆನುವಿನೊಳಗಿನ ಒಂದೇ ಒಂದು ಆಯ್ಕೆಗೆ ಇಷ್ಟು ಬೆಲೆಯಿದೆ. ಇವೆಲ್ಲ ಸರಾಸರಿ ಮಟ್ಟದ ಲೆಕ್ಕ ಎಂಬುದೂ ನೆನಪಿರಲಿ. ತಂತಿ ಮೀಟಿದ ಕ್ಷಣದ ಹೊಡೆತ ಸರಾಸರಿಗಿಂತ ಎಷ್ಟೋ ಮೇಲೆ ಹೋಗುತ್ತದೆ, ಅದಕ್ಕೆ ಜಾಗ ಬಿಡಬೇಕು. ಹೆಡ್‌ರೂಮ್ ಎನ್ನುವುದು ಈ ಜಾಗಕ್ಕೆ.

ಆ ಆಯ್ಕೆ ಎಲ್ಲಿದೆ ಎಂದು ಹುಡುಕಿಕೋ. ಲೈನ್ 6 ಹೀಲಿಕ್ಸಿನಲ್ಲಿ ಗ್ಲೋಬಲ್ ಸೆಟ್ಟಿಂಗ್ಸ್ ಒಳಗೆ ಇನ್‌ಸ್ಟ್ರುಮೆಂಟ್, ಲೈನ್ ಎಂಬ ಎರಡು ಆಯ್ಕೆಗಳಿವೆ. ಬಾಸ್ ಕಂಪನಿಯ ಜಿಟಿ ಸಾಲಿನಲ್ಲಿ ಔಟ್‌ಪುಟ್ ಸೆಲೆಕ್ಟ್ ಇದೆ. ನೀನು ಯಾವ ಆಂಪಿಗೆ, ಅದರ ಯಾವ ತೂತಿಗೆ ಹಾಕುತ್ತಿದ್ದೀಯ ಎಂದು ಅಲ್ಲಿ ಹೇಳಬೇಕು. ಜಾಮ್ ರೂಮುಗಳಲ್ಲಿ ರೋಲ್ಯಾಂಡ್ ಜೆಸಿ-120 ಸಿಕ್ಕರೆ ಮುಂದಿನ ಇನ್‌ಪುಟ್ಟಿಗೆ ಲೈನ್ ಲೆವೆಲ್ ನುಗ್ಗಿಸಬೇಡ. ಅದು ಬರಿಯ ಗಿಟಾರನ್ನು ಎದುರುನೋಡುವ ಜಾಗ. ಹಿಂದೆ ಎಫೆಕ್ಟ್ಸ್ ರಿಟರ್ನ್ ಇದೆ, ಅಲ್ಲಿಗೆ ಹಾಕು. ಆ ಎಫೆಕ್ಟ್ಸ್ ಲೂಪಿನ ಲೆವೆಲ್ ಬದಲಿಸುವ ಸ್ವಿಚ್ಚೂ ಅಲ್ಲೇ ಇದೆ, ಅದನ್ನೂ ನೋಡು. ಗಿಟಾರ್ ಕ್ಯಾಬಿನೆಟ್ಟಿಗೆ ಹೋಗುವಾಗ ಪ್ರೊಸೆಸರಿನಲ್ಲಿ ಕ್ಯಾಬಿನೆಟ್ಟಿನ ನಾದ ಅನುಕರಿಸುವ ಕ್ಯಾಬ್ ಸಿಮ್ಯುಲೇಷನ್ ಆಫ್ ಇರಲಿ, ನೇರ ಪಿಎಗೆ ಹೋಗುವಾಗ ಆನ್ ಇರಲಿ.

ನಮ್ಮ ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ, ಸಿಗ್ನಲ್ ಸಾಲದೆ ಹೋಗುವುದಕ್ಕೆ ತಿರುಗುಮುರುಗಾದ ತೊಂದರೆ ಬರುತ್ತದೆ. ಮೈಕ್‌ಸೆಟ್‌ನವರ ಆಂಪಿನಲ್ಲಿ ಖಾಲಿ ಕಂಡ ಮೈಕ್ ಇನ್‌ಪುಟ್ಟಿಗೆ ಪ್ರೊಸೆಸರ್ ಚುಚ್ಚಿಬಿಡುತ್ತಾರೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅಲ್ಲಿಗೆ ಒಂದು ವೋಲ್ಟ್ ಬಿಟ್ಟರೆ ಮೊದಲ ಹಂತದಲ್ಲೇ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮುಂದೆ ಮಾಸ್ಟರ್ ಎಷ್ಟು ಇಳಿಸಿದರೂ ಆ ಒಡಕು ಹೋಗುವುದಿಲ್ಲ. ಆಕ್ಸ್ ಅಥವಾ ಲೈನ್ ಇನ್ ಕೇಳು. ಮೈಕ್ ತೂತು ಬಿಟ್ಟರೆ ಬೇರೆ ಗತಿಯಿಲ್ಲ ಎಂದರೆ ನಡುವೆ ಸಿಗ್ನಲ್ಲನ್ನು ಮೈಕ್ ಮಟ್ಟಕ್ಕೆ ಇಳಿಸುವ ಡಿಐ ಬಾಕ್ಸ್ ಇರಲಿ. ಅದೊಂದನ್ನು ನಿನ್ನ ಚೀಲದಲ್ಲೇ ಇಟ್ಟುಕೊಂಡಿರು. ಆ ಆಂಪುಗಳ ಹಿಂದೆ 100 ವೋಲ್ಟ್ ಎಂದು ಬರೆದ ಟರ್ಮಿನಲ್ ಇದ್ದರೆ ಅದು ಸಾಲು ಹಾರ್ನ್‌ಗಳಿಗೆ. ನಿನ್ನ 8 ಓಮ್ ಕ್ಯಾಬಿನೆಟ್ಟಿಗೆ ಅಲ್ಲವೇ ಅಲ್ಲ.

ಗುಂಯ್ ಎನ್ನುವ ಸದ್ದು ಬಂದಾಗ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕು ಎನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡ. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ವೇಲ್ಸಿನ ಸ್ವಾನ್ಸೀಯ ವೇದಿಕೆಯಲ್ಲಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಕರೆಂಟ್ ಹೊಡೆದು ಸತ್ತರು. ಗುಂಯ್‌ಗುಡುವಿಕೆಗೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಬ್ಯಾಲೆನ್ಸ್ಡ್ ಕೇಬಲ್ ಇದೆ. 230 ವೋಲ್ಟಿನ ಅರ್ಥ್ ತಂತಿಯ ತಂಟೆಗೆ ಹೋಗಬೇಡ, ಮಗನೇ. ಜನರೇಟರಿನ ಮೇಲೆ ನಡೆಯುವ ಬಯಲು ಕಾರ್ಯಕ್ರಮದಲ್ಲಿ ಅರ್ಥಿಂಗ್ ಕೊಟ್ಟಿದ್ದಾರಾ ಎಂದು ಕೇಳಲು ನಾಚಬೇಡ.

ಮಟ್ಟ ಹೊಂದಿಸುವಾಗ ಆಂಪಿನ ನಾಬ್ ಸೊನ್ನೆಗೆ ಇಳಿಸಿ ಶುರುಮಾಡು. ನಿನ್ನ ಅತಿ ಜೋರಿನ ಪ್ಯಾಚ್ ಹಾಕಿ, ಆರೂ ತಂತಿಗಳನ್ನು ಎಷ್ಟು ಬಲವಾಗಿ ಬಾರಿಸುತ್ತೀಯೋ ಅಷ್ಟು ಬಾರಿಸು. ಪ್ರೊಸೆಸರಿನ ಇನ್‌ಪುಟ್ ಆಗಲಿ ಔಟ್‌ಪುಟ್ ಆಗಲಿ ಕೆಂಪು ದೀಪ ಹೊತ್ತಿಸಬಾರದು. ಡಿಜಿಟಲ್‌ನಲ್ಲಿ ಮಿತಿ ದಾಟಿದ್ದು ವಾಲ್ವಿನ ಹಾಗೆ ಇಂಪಾಗಿ ಒಡೆಯುವುದಿಲ್ಲ. ಅದು ಸರಿಯಾದ ಮೇಲೆ ಆಂಪಿನ ನಾಬನ್ನು ನಿಧಾನವಾಗಿ ಏರಿಸಿ, ಬೇಕಾದ ಜೋರಿಗೆ ನಿಲ್ಲಿಸು. ನಾಬ್ ಅರ್ಧದಲ್ಲಿದೆ, ಹಾಗಾಗಿ ಆಂಪ್ ಅರ್ಧ ಶಕ್ತಿಯಲ್ಲಿದೆ ಎಂದು ತಿಳಿಯಬೇಡ. ಅದು ಒಳಬರುವ ಸಿಗ್ನಲ್ಲನ್ನು ತಗ್ಗಿಸುವ ನಾಬ್ ಅಷ್ಟೇ. ಜೋರಾದ ಸಿಗ್ನಲ್ ಬಂದರೆ ಅರ್ಧದಲ್ಲೇ ಆಂಪ್ ತನ್ನ ಕೊನೆ ಮುಟ್ಟುತ್ತದೆ, ಸ್ಪೀಕರೂ ಸುಡಬಹುದು.

ಇನ್ನು ಪ್ಯಾಚುಗಳ ನಡುವಿನ ಮಟ್ಟ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು, ಏಕೆಂದರೆ ಹಾಡುವವರ ದನಿ ಮುಚ್ಚಿಹೋಗುವುದು ಇಲ್ಲಿಯೇ. ಡಿಸ್ಟಾರ್ಷನ್ ಹಾಕಿದ ನಾದ ಒತ್ತಿಹೋಗಿರುತ್ತದೆ. ಅದರ ತುದಿಗಳು ಕ್ಲೀನ್ ನಾದದ ತುದಿಗಳಷ್ಟೇ ಎತ್ತರವಿದ್ದರೂ ಕಿವಿಗೆ ಹೆಚ್ಚು ಜೋರು. ಮೀಟರ್ ಎರಡನ್ನೂ ಸಮ ಎಂದು ತೋರಿಸಿದರೂ ಕಿವಿ ಒಪ್ಪುವುದಿಲ್ಲ, ಕಿವಿಯನ್ನೇ ನಂಬು. ಜೋರು ಬದಲಾದರೆ ಕಿವಿಯೂ ಬದಲಾಗುತ್ತದೆ. 1933ರಲ್ಲೇ ಫ್ಲೆಚರ್, ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದರು: ಮೆಲ್ಲಗೆ ಕೇಳುವಾಗ ನಮಗೆ ಮಂದ್ರದ ಸದ್ದು ಕಮ್ಮಿ ಕೇಳುತ್ತದೆ. ಅದಕ್ಕೇ ಮಲಗುವ ಕೋಣೆಯಲ್ಲಿ ಬಾಸ್ ತುಂಬಿ ಮಾಡಿದ ಪ್ಯಾಚ್ ವೇದಿಕೆಯ ಮೇಲೆ ಗೊಜಗೊಜ ಎನ್ನುವುದು. ಡ್ರಮ್ಸ್, ಬಾಸ್ ಜೊತೆಗಿರುವಾಗ, ನಿಜವಾಗಿ ನುಡಿಸುವ ಜೋರಿನಲ್ಲಿಯೇ ಪ್ಯಾಚುಗಳನ್ನು ಸರಿಮಾಡು. ಸೋಲೋಗೆ 3ರಿಂದ 6 ಡೆಸಿಬಲ್ ಹೆಚ್ಚು ಸಾಕು. ಆ ಬೂಸ್ಟನ್ನು ಪ್ರೊಸೆಸರಿನೊಳಗಿನ ಆಂಪ್ ಬ್ಲಾಕಿನ ನಂತರ ಇಡು. ಮೊದಲೇ ಇಟ್ಟರೆ ಡಿಸ್ಟಾರ್ಷನ್ ಹೆಚ್ಚುತ್ತದೆ ಹೊರತು ಗಿಟಾರ್ ಮುಂದೆ ಬರುವುದಿಲ್ಲ.

ಕೊನೆಗೆ ಜೋಡಣೆಯ ಮಾತು. ಆಂಪಿನಿಂದ ಸ್ಪೀಕರಿಗೆ ಗಿಟಾರ್ ಕೇಬಲ್ ಹಾಕಬೇಡ, ಸ್ಪೀಕರ್ ಕೇಬಲ್ಲೇ ಬೇಕು. ವಾಲ್ವ್ ಆಂಪನ್ನು ಸ್ಪೀಕರ್ ಜೋಡಿಸದೆ ಆನ್ ಮಾಡಬೇಡ, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆನ್ ಮಾಡುವಾಗ ಪ್ರೊಸೆಸರ್ ಮೊದಲು, ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪೇ ಮೊದಲು.